ಬೇಡವೆನ್ನಲಾರದ ಬಾಗಿಲು

ಆಯ್ತಪ್ಪ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಯಾರು ಏನು ಕೇಳಿದರೂ, ಕೇಳುವವರ ಮಾತು ಇನ್ನೂ ಅರ್ಧದಲ್ಲಿರುವಾಗಲೇ "ಆಯ್ತಪ್ಪ, ಆಯ್ತು" ಎಂದುಬಿಡುವ ಚಟ ಅವನಿಗಿತ್ತು. ಅದರಿಂದಾಗಿ ಜನ ಹಾಗೆ ಕರೆಯತೊಡಗಿದ್ದರು. ಹೀಗೆ ಕರೆದರೆ ಬೇಸರವಿಲ್ಲ ತಾನೇ ಎಂದು ಯಾರೋ ಒಬ್ಬರು ಮರ್ಯಾದೆಗೆ ವಿಚಾರಿಸಿದಾಗ, ಅದಕ್ಕೂ ಅವನು ಆಯ್ತು ಎಂದಿದ್ದ.

ಇದನ್ನು ಒಳ್ಳೆಯತನ ಎಂದುಕೊಳ್ಳುವವರು ಅವನ ಹೆಂಡತಿಯನ್ನು ಒಮ್ಮೆ ಕೇಳಿ ನೋಡಬೇಕು. ಮೇಲಿನ ಮನೆಯವರ ಮುರಿದ ವ್ಯಾಯಾಮದ ಸೈಕಲ್ಲು ಅವರ ಹಜಾರದಲ್ಲಿತ್ತು. ಪಕ್ಕದ ಮನೆಯವರು ಊರಿಗೆ ಹೋಗುವಾಗ ಬಿಟ್ಟುಹೋದ ಗಿಡದ ಕುಂಡಗಳು ಅವರು ವಾಪಸಾದ ಮೇಲೂ ಇವರ ಬಾಲ್ಕನಿಯಲ್ಲೇ ಬೆಳೆಯುತ್ತಿದ್ದವು. ಇದ್ದ ಒಂದೇ ಹೆಚ್ಚಿನ ಕೋಣೆ ಮಗಳದು. ಆ ಕೋಣೆಯಲ್ಲಿ ಆಯ್ತಪ್ಪನ ಸೋದರಮಾವ ಇದ್ದರು.

ಮಾವ ದರ್ಜಿ. ಬೇರೆ ಊರಿನಲ್ಲಿ ಅವರದೊಂದು ಹೊಲಿಗೆ ಅಂಗಡಿ. ಆಯ್ತಪ್ಪನ ಹೆಂಡತಿ ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿದ್ದದ್ದರಿಂದ, ಹಲ್ಲುಸೆಟ್ಟು ಹಾಕಿಸಿಕೊಳ್ಳಲು ನಾಲ್ಕು ದಿನದ ಮಟ್ಟಿಗೆಂದು ಬಂದಿದ್ದರು. ಹಲ್ಲುಸೆಟ್ಟು ಬಂತು, ಬಾಯಲ್ಲಿ ಕೂತಿತು, ಅಗಿಯಲು ಪಳಗಿತು. ಮಾವ ಮಾತ್ರ ಕದಲಲಿಲ್ಲ.

ಮಗಳು ಕಟ್ಟಡಗಳ ನಕ್ಷೆ ಬರೆಯುವ ವಿದ್ಯೆ ಕಲಿಯುತ್ತಿದ್ದಳು. ಅದು ಕೊನೆಯ ವರ್ಷ. ಮಂಚದಷ್ಟು ಅಗಲದ ಹಲಗೆ ಹಾಕಿಕೊಂಡು ಬರೆಯಬೇಕಾದ ನಕ್ಷೆಯನ್ನು ಅವಳು ಬಟ್ಟೆ ಒಗೆಯುವ ಯಂತ್ರದ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದಳು. ಯಂತ್ರ ಹಿಂಡುವ ಹೊತ್ತಿಗೆ ಬರೆದ ಗೆರೆಗಳನ್ನು ನೋಡಿದ ಅಧ್ಯಾಪಕರು, ಇದೇನು ಭೂಕಂಪ ಆದಮೇಲಿನ ಕಟ್ಟಡವೇ ಎಂದು ಕೇಳಿದ್ದರಂತೆ. ಅದನ್ನೂ ಆ ಹುಡುಗಿ ನುಂಗಿಕೊಂಡಳು. ಆದರೆ ಒಂದು ಬೆಳಿಗ್ಗೆ ಹೆಂಡತಿ ಆಯ್ತಪ್ಪನ ತೋಳು ಹಿಡಿದು ಎಳೆದುಕೊಂಡು ಹೋಗಿ, ಪರೀಕ್ಷೆಗೆಂದು ಮಗಳು ರಟ್ಟಿನಲ್ಲಿ ಮಾಡಿದ್ದ ಪುಟ್ಟ ಕಟ್ಟಡವನ್ನು ತೋರಿಸಿದಳು. ಅದರ ಅಂಗಳದಲ್ಲಿ ಗಾಜಿನ ಬಟ್ಟಲಿನಿಂದ ಮಾಡಿದ ಈಜುಕೊಳವಿತ್ತು. ಈಜುಕೊಳದಲ್ಲಿ ಮಾವನ ಹಲ್ಲುಸೆಟ್ಟು ಇತ್ತು.

"ಮಾವನಿಗೆ ಅದು ಈಜುಕೊಳ ಅಂತ ಗೊತ್ತಾಗಿಲ್ಲ ಕಣೇ," ಎಂದ ಆಯ್ತಪ್ಪ.

"ಹಲ್ಲಿಗೆ ಗೊತ್ತಾಗಿದೆ. ಹಾಯಾಗಿ ತೇಲ್ತಿದೆ," ಎಂದಳು ಹೆಂಡತಿ. "ನೋಡ್ರಿ, ಬರೋ ಸೋಮವಾರದೊಳಗೆ ನೀವು ಬಾಯಿಬಿಟ್ಟು ಮಾವನಿಗೆ ಹೇಳಬೇಕು. ಮಗಳ ರೂಮು ಮಗಳಿಗೆ ಬೇಕು ಅಂತ. ಇಲ್ಲಾಂದ್ರೆ ಡಾಕ್ಟರ ಕ್ಲಿನಿಕ್ ಮೇಲೊಂದು ಖಾಲಿ ರೂಮಿದೆ. ಅವಳ ಪರೀಕ್ಷೆ ಮುಗಿಯೋತನಕ ನಾವಿಬ್ಬರೂ ಅಲ್ಲಿರ್ತೀವಿ. ನೀವು, ಮಾವ, ಆ ಸೈಕಲ್ಲು ಇಲ್ಲಿ ಸುಖವಾಗಿರಿ."

"ಆಯ್ತು," ಎಂದ ಆಯ್ತಪ್ಪ. ಯಾವುದಕ್ಕೆ ಆಯ್ತು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅವನಿಗೂ ಗೊತ್ತಿರಲಿಲ್ಲ.

ಇಂಥ ಮನುಷ್ಯ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ ಎಂದರೆ, ಬೇಡದವರನ್ನು ಒಳಗೆ ಬಿಡದ ಬಾಗಿಲುಗಳಿಗೆ ತಂತ್ರಾಂಶ ಬರೆಯುತ್ತಿದ್ದ. ಕೆಲಸ ಕೊಟ್ಟವರಿಗೆ ಅವನ ಪರಿಚಯ ಸರಿಯಾಗಿ ಇರಲಿಲ್ಲ ಎಂದುಕೊಂಡು ಅವರನ್ನು ಕ್ಷಮಿಸಬೇಕು.

ಹಾಸಿಗೆ ಅಂಗಡಿಯೊಂದರ ಮೇಲ್ಮಹಡಿಯಲ್ಲಿ ಅವನ ಆಫೀಸು. ಒಳಗೆ ನಾಲ್ಕಾರು ಮೇಜು, ಕಿರುಗುಟ್ಟುವ ಒಂದು ಫ್ಯಾನು, ಮತ್ತು ಕೋಣೆಯ ನಟ್ಟನಡುವೆ ಎತ್ತರದ ಒಂದು ಗಾಜಿನ ಬಾಗಿಲು. ಬಾಗಿಲಿನ ಆಚೀಚೆ ಗೋಡೆಯಿಲ್ಲ. ಗಿರಾಕಿಗಳಿಗೆ ತೋರಿಸಲು ಅದನ್ನು ಹಾಗೇ ನಿಲ್ಲಿಸಿದ್ದರು. ಕೆಲಸದವರೆಲ್ಲ ಅದನ್ನು ಬಳಸಿಕೊಂಡು ಓಡಾಡುತ್ತಿದ್ದರು. ಯಜಮಾನರೊಬ್ಬರೇ, ಬಚ್ಚಲಿಗೆ ಹೋಗುವಾಗಲೂ ಅದರೊಳಗಿಂದಲೇ ಹಾದುಹೋಗುತ್ತಿದ್ದರು. ತಾನು ಮಾರುವ ಸರಕನ್ನು ತಾನೇ ಗೌರವಿಸದಿದ್ದರೆ ಹೇಗೆ ಎಂಬುದು ಅವರ ವಾದ.

ಬಾಗಿಲಿನ ಪಕ್ಕ ಒಂದು ಪೆಟ್ಟಿಗೆ. ಬಂದವರು ತಮ್ಮ ಫೋನನ್ನು ಅದಕ್ಕೆ ತೋರಿಸಬೇಕು. ಫೋನಿನೊಳಗೆ ಒಂದು ಡಿಜಿಟಲ್ ಪ್ರಮಾಣಪತ್ರ, ಅಂದರೆ ಗುರುತಿನ ಚೀಟಿ ಇರುತ್ತದೆ. ಪೆಟ್ಟಿಗೆ ಅದನ್ನು ಓದಿ ಮೂರು ಪ್ರಶ್ನೆ ಹಾಕಿಕೊಳ್ಳಬೇಕು. ಈ ಚೀಟಿ ಕೊಟ್ಟವರಿಗೆ ಕೊಡುವ ಅಧಿಕಾರ ಇದೆಯೇ? ಇದರಲ್ಲಿರುವ ಹೆಸರು ನಮ್ಮಲ್ಲಿ ಬರೆದಿಟ್ಟ ಹೆಸರಿಗೆ ಹೊಂದುತ್ತದೆಯೇ? ಇದರ ಅವಧಿ ಮುಗಿದಿಲ್ಲ ತಾನೇ? ಮೂರಕ್ಕೂ ಉತ್ತರ ಸರಿಯಿದ್ದರೆ ಬಾಗಿಲು ತೆರೆಯಬೇಕು, ಇಲ್ಲದಿದ್ದರೆ ಏಕೆ ತೆರೆಯುವುದಿಲ್ಲ ಎಂದು ಹೇಳಬೇಕು. ಹೇಳುವ ದನಿ ಯಜಮಾನರ ಹೆಂಡತಿಯದು. ಸ್ವಾಗತದ ಮಾತನ್ನು ಆ ತಾಯಿ ಪಾಠ ಒಪ್ಪಿಸುವ ಹಾಗೆ ಓದಿದ್ದರು. ನಿರಾಕರಣೆಯ ಮೂರು ಮಾತುಗಳನ್ನು ಮಾತ್ರ ಬಹಳ ಮನಸ್ಸಿಟ್ಟು ಹೇಳಿದ್ದರು.

ಈ ಮೂರೂ ಪ್ರಶ್ನೆಗಳನ್ನು ಆಯ್ತಪ್ಪ ಚೆನ್ನಾಗಿಯೇ ಬರೆದಿದ್ದ. ಆದರೆ ಮೊದಲ ಪ್ರದರ್ಶನದ ದಿನ ಅಸಲಿ ಪ್ರಮಾಣಪತ್ರಗಳು ಇನ್ನೂ ಬಂದಿರಲಿಲ್ಲ. ಯಜಮಾನರು ಫೋನು ಹಿಡಿದರೆ ಬಾಗಿಲು ಜಪ್ಪಯ್ಯ ಎಂದರೂ ತೆರೆಯಲಿಲ್ಲ.

"ಗಿರಾಕಿಗಳು ಮೆಟ್ಟಿಲು ಹತ್ತುತಾ ಇದಾರೆ. ತೆಗೆಯೋ ಹಾಗೆ ಮಾಡಯ್ಯ!"

"ಸಾರ್, ಅಸಲಿ ಚೀಟಿ ಇಲ್ಲದೆ ತೆಗೆದರೆ ಪರಿಶೀಲನೆಗೆ ಅರ್ಥ..."

"ಸದ್ಯಕ್ಕೆ ಕಣಯ್ಯ, ಸದ್ಯಕ್ಕೆ!"

"ಆಯ್ತು ಸಾರ್."

ಆಯ್ತಪ್ಪ ಮೂರು ಪ್ರಶ್ನೆಗಳ ನೆತ್ತಿಯ ಮೇಲೆ ಒಂದೇ ಒಂದು ಸಾಲು ಸೇರಿಸಿದ. ಏನೇ ಬರಲಿ, ಏನೂ ಕೇಳಬೇಡ, ಸರಿ ಎಂದುಬಿಡು ಎಂಬುದು ಅದರ ಅರ್ಥ. ಸದ್ಯಕ್ಕೆ ಮಾತ್ರ, ಆಮೇಲೆ ತೆಗೆಯಬೇಕು ಎಂದು ಪಕ್ಕದಲ್ಲಿ ತನಗೇ ಒಂದು ಟಿಪ್ಪಣಿ ಬರೆದುಕೊಂಡ. ಗಿರಾಕಿಗಳು ಬಂದರು, ಬಾಗಿಲು ತೆರೆಯಿತು, ಚಪ್ಪಾಳೆ ಬಿತ್ತು. ಮಧ್ಯಾಹ್ನ ಆ ಸಾಲನ್ನು ತೆಗೆಯೋಣ ಎಂದು ಅವನು ಕೂತಾಗ ಕೆಳಗಿನ ಹಾಸಿಗೆ ಅಂಗಡಿಯವರು ಬಂದು, ನಮ್ಮ ಪ್ರಿಂಟರ್ ಕಾಗದ ನುಂಗ್ತಿದೆ, ಒಂದು ನಿಮಿಷ ಬರ್ತೀರಾ ಎಂದರು. ಆಯ್ತು ಎಂದು ಎದ್ದುಹೋದ. ಪ್ರಿಂಟರು ಸರಿಹೋಯಿತು. ಆ ಸಾಲು ಇದ್ದಲ್ಲೇ ಇತ್ತು. ಸದ್ಯಕ್ಕೆ ಎಂದು ಮಾಡಿದ ಕೆಲಸದಷ್ಟು ಗಟ್ಟಿಮುಟ್ಟಾದದ್ದು ಆ ಉದ್ಯೋಗದಲ್ಲಿ ಬೇರೆ ಯಾವುದೂ ಇಲ್ಲವಂತೆ.

ಆಮೇಲೂ ಬಾಗಿಲನ್ನು ಹತ್ತಾರು ಜನ ಪರೀಕ್ಷಿಸಿದರು. ಎಲ್ಲರೂ ಒಳಗೆ ಬರಬೇಕಾದವರೇ. ತೆರೆಯಿತು, ಸರಿಯಾಗಿದೆ ಎಂದರು. ಬರಬಾರದವನೊಬ್ಬನನ್ನು ಕರೆತಂದು ನಿಲ್ಲಿಸಿ ನೋಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ಮೊದಲ ಬಾಗಿಲು ಬಂದು ಕೂತದ್ದು ಆಯ್ತಪ್ಪನೇ ವಾಸವಿದ್ದ ಕಟ್ಟಡಕ್ಕೆ. ಅಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿ ನಿವೃತ್ತ ಜೈಲು ಅಧಿಕಾರಿ. ಕಟ್ಟಡದವರಿಗೆಲ್ಲ ಅವರು ಜೈಲರ್ ಸಾಹೇಬರೇ. ಬದುಕೆಲ್ಲ ಜನ ಹೊರಗೆ ಹೋಗದಂತೆ ಕಾದವರಿಗೆ, ಒಳಗೆ ಬಾರದಂತೆ ಕಾಯುವ ಅವಕಾಶ ಸಿಕ್ಕಿ ಹೊಸ ಹುರುಪು ಬಂದಿತ್ತು. ಮನೆಮನೆಯವರ ಹೆಸರನ್ನು ಅವರೇ ಪೆಟ್ಟಿಗೆಗೆ ತುಂಬಿಸಿದರು, ಎಲ್ಲರ ಫೋನಿಗೂ ಪ್ರಮಾಣಪತ್ರ ಕಳಿಸಿದರು. ಅತಿಥಿಗಳಿಗೆ ಬೇರೆ ಪ್ರಮಾಣಪತ್ರ, ಅದಕ್ಕೊಂದು ಕೊನೆಯ ದಿನ.

ಕೊನೆಯ ದಿನ ಎಂಬ ಮಾತು ಕಿವಿಗೆ ಬಿದ್ದದ್ದೇ ಆಯ್ತಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಡಿಗೆಮನೆಗೆ ಓಡಿ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. "ನಾನು ಹೇಳೋದೇ ಬೇಕಾಗಿಲ್ಲ ಕಣೇ. ಬಾಗಿಲೇ ಹೇಳುತ್ತೆ!"

"ಏನಂತ?"

"ಮಾವನ ಚೀಟಿ ಭಾನುವಾರಕ್ಕೆ ಮುಗಿಯೋ ಹಾಗೆ ಹಾಕಿಸಿದೀನಿ. ಸೋಮವಾರ ಬೆಳಿಗ್ಗೆ ವಾಕಿಂಗ್ ಮುಗಿಸಿ ಬರ್ತಾರಲ್ಲ, ಆಗ ಅದು ಹೇಳುತ್ತೆ, 'ಕ್ಷಮಿಸಿ, ತಮ್ಮ ಅವಧಿ ಮುಗಿದಿದೆ' ಅಂತ."

"ಆ ವಯಸ್ಸಿನವರಿಗೆ ಹಾಗಂದ್ರೆ ಎದೆ ಒಡ್ಕೊಳ್ಳಲ್ವೇನ್ರಿ?"

"ನಾನು ತಕ್ಷಣ ಕೆಳಗೆ ಹೋಗ್ತೀನಲ್ಲ. ಏನ್ ಮಾಡೋದು ಮಾವ, ಯಂತ್ರದ ನಿಯಮ, ನನ್ನ ಕೈಲೇನಿದೆ ಅಂತ ಸೂಟ್‌ಕೇಸ್ ಕೈಗಿಡ್ತೀನಿ."

ಹೆಂಡತಿ ಅವನ ಮುಖವನ್ನೇ ನೋಡಿದಳು. ಒಂದು ಮಾತು ಆಡಲಾರದೆ ಇಡೀ ಬಾಗಿಲನ್ನೇ ಗೋಡೆಗೆ ಕೂಡಿಸಿದ ಗಂಡಸನ್ನು ಅವಳು ಈವರೆಗೆ ಕಂಡಿರಲಿಲ್ಲ. ಆದರೂ ಮಗಳ ಕೋಣೆ ಸಿಕ್ಕರೆ ಸಾಕೆಂದು ಸುಮ್ಮನಾದಳು.

ಸೋಮವಾರ ಮಾವ ವಾಕಿಂಗಿಗೆ ಹೊರಟದ್ದೇ ತಡ, ಮನೆಯಲ್ಲಿ ಮೂರೂ ಜನ ಟೊಂಕ ಕಟ್ಟಿ ನಿಂತರು. ಸೂಟ್‌ಕೇಸು ಕಟ್ಟಿದ್ದಾಯಿತು. ಕಿಟಕಿ ತೆರೆದು ನೋವಿನ ಮುಲಾಮಿನ ವಾಸನೆ ಹೊರಹಾಕಿದ್ದಾಯಿತು. ಮಗಳು ನಕ್ಷೆಯ ಹಲಗೆಯನ್ನು ತಬ್ಬಿಕೊಂಡು ಬಂದು ತನ್ನ ಮೇಜಿನ ಮೇಲೆ ಹಾಸಿದಳು. ಆಮೇಲೆ ಮೂವರೂ ಮೆಟ್ಟಿಲ ಕಿಟಕಿಯಿಂದ ಕೆಳಗೆ ಇಣುಕುತ್ತ ನಿಂತರು.

ಮಾವ ಬಂದರು. ಜೊತೆಗೆ ವಾಕಿಂಗ್ ಗೆಳೆಯ, ಫೋಟೋ ಸ್ಟುಡಿಯೋ ಮುಚ್ಚಿ ಕೂತಿದ್ದ ಮುದುಕರೊಬ್ಬರು. ಇಬ್ಬರೂ ಫೋನು ನೋಡುತ್ತ ಏನೋ ಗಂಭೀರವಾಗಿ ಚರ್ಚಿಸಿದರು. ಮಾವ ಗಂಟಲು ಸರಿಪಡಿಸಿಕೊಂಡು, ತಲೆ ಬಾಚಿಕೊಂಡು, ಪೆಟ್ಟಿಗೆಗೆ ಫೋನು ತೋರಿಸಿದರು.

"ಸ್ವಾಗತ. ತಮ್ಮ ಗುರುತು ಖಚಿತವಾಗಿದೆ. ದಯಮಾಡಿ ಒಳಗೆ ಬನ್ನಿ," ಎಂದಿತು ಬಾಗಿಲು.

ಮಾವ ಇದ್ದಲ್ಲೇ ಕಣ್ಣು ಒರೆಸಿಕೊಂಡರು. ಮೆಟ್ಟಿಲು ಹತ್ತಿ ಬಂದವರೇ ಆಯ್ತಪ್ಪನನ್ನು ಬಾಚಿ ತಬ್ಬಿಕೊಂಡರು.

"ಅಳಿಯಾ! ನಿನ್ನೆಗೇ ಮುಗಿದಿದೆ ಕಣಯ್ಯ, ಇವತ್ತು ನಿನ್ನನ್ನ ಒಳಗೆ ಬಿಡಲ್ಲ ಅಂತ ಸ್ಟುಡಿಯೋದವನು ಓದಿ ಹೇಳಿದ. ನಾನೂ ಮನಸ್ಸು ಗಟ್ಟಿ ಮಾಡ್ಕೊಂಡೇ ಬಂದೆ. ಮುಗಿದ ಚೀಟಿಗೂ ಸ್ವಾಗತ ಅಂತಿದೆಯಲ್ಲೋ! ಆ ಬಾಗಿಲು ಬರೆದವನು ನೀನು. ಇದರ ಅರ್ಥ ನನಗೆ ತಿಳಿಯಲ್ವೇ? ಬಾಯಲ್ಲಿ ಹೇಳೋಕೆ ನಿನಗೆ ಸಂಕೋಚ. ಕೊನೇತನಕ ಇಲ್ಲೇ ಇರಿ ಮಾವ ಅಂತ ಬಾಗಿಲಿನ ಕೈಲಿ ಹೇಳಿಸಿದೀಯ!"

"ಅದು... ಮಾವ..."

"ಇಲ್ಲೇ ಇರಬೇಕು ತಾನೇ ನಾನು? ಹೇಳಿಬಿಡು."

ಹೆಂಡತಿ ಹಿಂದಿನಿಂದ ಅವನ ಬೆನ್ನಿಗೆ ಬೆರಳು ಚುಚ್ಚಿದಳು. ಆಯ್ತಪ್ಪ ಬಾಯಿ ತೆರೆದ. ತುಟಿ ಅಲ್ಲಾಡಿತು. "ಆಯ್ತು ಮಾವ," ಎಂಬ ಮಾತು ಹೊರಬಂತು.

ಮಾವ ದೀರ್ಘವಾದ ಉಸಿರು ಬಿಟ್ಟು ಕುರ್ಚಿಯಲ್ಲಿ ಕುಸಿದರು. "ಹಾಗಾದ್ರೆ ಊರಿಂದ ನನ್ನ ಬಟ್ಟೆ ಬೀರು ತರಿಸ್ತೀನಿ," ಎಂದರು.

ಮಗಳು ಹಲಗೆಯನ್ನು ಮತ್ತೆ ತಬ್ಬಿಕೊಂಡು ಒಗೆಯುವ ಯಂತ್ರದ ಕಡೆಗೆ ನಡೆದಳು. ಬೀರು ಶನಿವಾರ ಬರುವುದೆಂದು ಗೊತ್ತಾದಾಗ ಹೆಂಡತಿ ಒಂದೇ ಮಾತು ಹೇಳಿದಳು. "ಬೀರು ಒಳಗೆ, ನಾವು ಹೊರಗೆ."

ಆಯ್ತಪ್ಪ ಆಫೀಸಿಗೆ ಓಡಿ ಹೋಗಿ ತಾನು ಬರೆದದ್ದನ್ನು ತೆರೆದು ನೋಡಿದ. ಮೂರು ಪ್ರಶ್ನೆಗಳ ನೆತ್ತಿಯ ಮೇಲೆ ಆ ಸಾಲು ಆರಾಮವಾಗಿ ಕೂತಿತ್ತು. ಯಜಮಾನರ ಮೇಜಿಗೆ ಹೋಗಿ ನಿಂತ.

"ಸಾರ್, ನಮ್ಮ ಬಾಗಿಲಲ್ಲಿ ಒಂದು ತೊಂದರೆ."

"ಏನು, ತೆರೀತಾ ಇಲ್ವಾ?"

"ತೆರೀತಾ ಇದೆ ಸಾರ್. ಅದೇ ತೊಂದರೆ."

ಯಜಮಾನರು ಕನ್ನಡಕ ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದರು. "ತೆರೆಯೋ ಬಾಗಿಲಲ್ಲಿ ಏನಯ್ಯ ತೊಂದರೆ? ಶನಿವಾರ ಇಲಾಖೆಯಿಂದ ಭದ್ರತೆ ನೋಡೋ ಮೇಡಂ ನಿಮ್ಮ ಕಟ್ಟಡಕ್ಕೇ ಬರ್ತಿದಾರೆ. ಅವರು ಒಪ್ಪಿದರೆ ಅವರ ಕಚೇರಿಗೆಲ್ಲ ನಮ್ಮದೇ ಬಾಗಿಲು. ಅಲ್ಲೀತನಕ ಒಂದಕ್ಷರ ಮುಟ್ಟಕೂಡದು. ತಿಳೀತಾ?"

"ಆಯ್ತು ಸಾರ್."

ಅಷ್ಟರೊಳಗೆ ಕಟ್ಟಡದಲ್ಲಿ ಆಯ್ತಪ್ಪನ ಕೀರ್ತಿ ಲಿಫ್ಟಿಗಿಂತ ವೇಗವಾಗಿ ಮೇಲೇರಿತ್ತು. ಸೋದರಮಾವನಿಗೆ ಬದುಕಿರುವತನಕ ಬಾಗಿಲು ತೆರೆದಿಟ್ಟ ಪುಣ್ಯಾತ್ಮ! ಕೆಳಮನೆಯ ಗೃಹಿಣಿ ತನ್ನ ಗಂಡನನ್ನು ಕರೆದು, "ನೋಡಿ ಕಲಿಯಿರಿ, ನಮ್ಮಣ್ಣ ಬಂದರೆ ಎಷ್ಟೊತ್ತಿಗೆ ಹೋಗ್ತಾನೆ ಅಂತ ಗಡಿಯಾರ ನೋಡ್ತೀರಿ," ಎಂದು ಎಲ್ಲರೆದುರಿಗೆ ಬೈದಳು. ಆ ಗಂಡ ಮೆಟ್ಟಿಲಲ್ಲಿ ಆಯ್ತಪ್ಪನನ್ನು ಅಡ್ಡಗಟ್ಟಿ, ನಿಮ್ಮಿಂದ ನನ್ನ ಸಂಸಾರ ಹಾಳಾಯಿತು ಎಂದ. ಇನ್ನು ಹಾಗಾಗದಂತೆ ನೋಡಿಕೊಳ್ಳುತ್ತೇನೆ ಎಂದು ಆಯ್ತಪ್ಪ ಅದಕ್ಕೂ ಒಪ್ಪಿಕೊಂಡ.

ಸ್ಟುಡಿಯೋದ ಮುದುಕರು ಸುಮ್ಮನಿರುವ ಪೈಕಿಯಲ್ಲ. ಮುಗಿದ ಚೀಟಿಗೇ ಇಷ್ಟು ಮರ್ಯಾದೆಯಾದರೆ, ನಾವೇ ಮಾಡಿಕೊಂಡ ಚೀಟಿಗೆ ಹೇಗೋ ನೋಡೋಣ ಎಂದು ಅವರಿಗೆ ಅನಿಸಿತು. ಅಂತರ್ಜಾಲದಲ್ಲಿ ಹುಡುಕಿ, ಫೋನಿನಲ್ಲೇ ಒಂದು ಪ್ರಮಾಣಪತ್ರ ತಯಾರಿಸಿದರು. ಹೆಸರು: ಚಕ್ರವರ್ತಿ. ಕೊಟ್ಟವರು: ಚಕ್ರವರ್ತಿಗಳೇ. ತೋರಿಸಿದರು.

"ಸ್ವಾಗತ. ತಮ್ಮ ಗುರುತು ಖಚಿತವಾಗಿದೆ."

ಮರುದಿನದಿಂದ ವಾಕಿಂಗ್ ಗುಂಪಿನವರೆಲ್ಲ ತಂತಮ್ಮ ಕೈಯಾರೆ ತಮ್ಮನ್ನು ಪ್ರಮಾಣೀಕರಿಸಿಕೊಂಡು ಬಂದು, ಮಗಳ ಕೋಣೆಯಲ್ಲಿ ಕೂತು ಕಾಫಿ ಕುಡಿಯತೊಡಗಿದರು. ಮೆಟ್ಟಿಲಲ್ಲಿ ಗುರುತಿಲ್ಲದ ಮುಖಗಳನ್ನು ಕಂಡು ಜೈಲರ್ ಸಾಹೇಬರು ಸ್ಟುಡಿಯೋದವರ ಅಂಗಿಯ ಕಾಲರಿಗೆ ಕೈ ಹಾಕಿದರು.

"ಯಾರು ನೀವು?"

"ಚಕ್ರವರ್ತಿ."

"ಯಾರು ಹೇಳಿದ್ದು?"

"ನಿಮ್ಮ ಬಾಗಿಲೇ ಹೇಳಿತು. ಬೇಕಾದ್ರೆ ಕೇಳಿ ನೋಡಿ."

ಜೈಲರ್ ಸಾಹೇಬರು ನೇರ ಮನೆಗೆ ಹೋದರು. ತಮ್ಮ ನಾಯಿಯ ಹೆಸರಿಗೆ ಒಂದು ಪ್ರಮಾಣಪತ್ರ ತಯಾರಿಸಿದರು. ಕೊಟ್ಟವರು ಎಂಬಲ್ಲಿ ನಾಯಿಯ ಹೆಸರನ್ನೇ ಹಾಕಿದರು. ಅವಧಿ, ನಾಯಿ ಹುಟ್ಟುವ ಮೊದಲೇ ಮುಗಿದುಹೋಗಿರುವಂತೆ ಬರೆದರು. ಫೋನನ್ನು ನಾಯಿಯ ಕೊರಳಿಗೆ ಕಟ್ಟಿ ಪೆಟ್ಟಿಗೆಯ ಮುಂದೆ ಎತ್ತಿಹಿಡಿದರು. ಬಾಗಿಲು ಅದಕ್ಕೂ ದಯಮಾಡಿ ಒಳಗೆ ಬನ್ನಿ ಎಂದಿತು. ನಾಯಿ ಬಾಲ ಅಲ್ಲಾಡಿಸುತ್ತ ದಯಮಾಡಿಸಿತು.

ಶನಿವಾರ ಬೆಳಿಗ್ಗೆ ಯಜಮಾನರು ಹೊಸ ಕೋಟು ಹಾಕಿಕೊಂಡು, ಇಲಾಖೆಯ ಅಧಿಕಾರಿಣಿಯನ್ನು ಕಟ್ಟಡದ ಅಂಗಳಕ್ಕೆ ಕರೆತಂದರು. ಆಯ್ತಪ್ಪ ಲ್ಯಾಪ್‌ಟಾಪು ಹಿಡಿದು ಪಕ್ಕದಲ್ಲಿ ಬೆವರುತ್ತ ನಿಂತಿದ್ದ. ಅಧಿಕಾರಿಣಿ ನಿಧಾನದ ಹೆಂಗಸು. ಬಾಗಿಲನ್ನು ಒಂದು ಸುತ್ತು ನೋಡಿ, ತಮ್ಮ ಫೋನು ತೆಗೆದು ಪೆಟ್ಟಿಗೆಗೆ ಹಿಡಿದರು.

"ಸ್ವಾಗತ. ತಮ್ಮ ಗುರುತು ಖಚಿತವಾಗಿದೆ."

"ನೋಡಿದ್ರಾ ಮೇಡಂ!" ಎಂದರು ಯಜಮಾನರು.

"ನೋಡಿದೆ. ನಾನು ತೋರಿಸಿದ್ದು ಬೇಕಂತಲೇ ತಪ್ಪಾಗಿ ಮಾಡಿದ ಪ್ರಮಾಣಪತ್ರ. ಇದರಲ್ಲಿ ಹೆಸರೇ ಇಲ್ಲ."

ಯಜಮಾನರ ನಗು ಕೋಟಿನ ಕಾಲರಿನವರೆಗೆ ಇಳಿದು ಅಲ್ಲೇ ನಿಂತಿತು. "ದೊಡ್ಡವರ ಗುರುತು ಅದಕ್ಕೆ ಹೆಸರಿಲ್ಲದೆಯೂ ಸಿಗುತ್ತೆ ಮೇಡಂ," ಎಂದರು.

"ನನ್ನ ನಾಯಿಯ ಗುರುತೂ ಸಿಕ್ಕಿದೆ!" ಎಂದು ಗುಡುಗುತ್ತ ಜೈಲರ್ ಸಾಹೇಬರು ನಾಯಿಯ ಸಮೇತ ಹೊರಗೆ ಬಂದರು. "ಮೇಡಂ, ನಮ್ಮಲ್ಲಿ ಬೀಗ ಪರೀಕ್ಷೆ ಮಾಡ್ತಿದ್ದದ್ದು ಕೈದಿಯ ಕಡೆಯಿಂದ. ಇವರು ಮಾಡಿರೋದು ಮನೆಗೆ ಬರೋ ನೆಂಟರ ಕಡೆಯಿಂದ. ಬನ್ನಿ ಬನ್ನಿ ಅನ್ನೋದೊಂದೇ ಗೊತ್ತು ಇದಕ್ಕೆ!"

ಸರಿಯಾಗಿ ಅದೇ ಹೊತ್ತಿಗೆ ಲಾರಿಯೊಂದು ಅಂಗಳಕ್ಕೆ ಹಿಮ್ಮುಖವಾಗಿ ಬಂದು ನಿಂತಿತು. ಅದರಲ್ಲಿ ಮಾವನ ಬೀರು, ಅದರ ಪಕ್ಕ ಹೊಲಿಗೆ ಯಂತ್ರ, ಅದರ ಮೇಲೆ ಕಾಲುಗಳನ್ನು ಆಕಾಶಕ್ಕೆತ್ತಿ ಮಲಗಿದ ಕತ್ತರಿಸುವ ಮೇಜು. ದಾರಿ ತೋರಿಸಲು ಬೀದಿ ತುದಿಯಲ್ಲಿ ಹತ್ತಿಕೊಂಡಿದ್ದ ಮಾವ ಡ್ರೈವರನ ಪಕ್ಕದಿಂದ ಇಳಿದರು. ವಾಕಿಂಗ್ ಗುಂಪು ಸ್ವಾಗತಕ್ಕೆ ಮೊದಲೇ ಸೇರಿತ್ತು. ಕಟ್ಟಡದ ಜನ ಗದ್ದಲ ಕೇಳಿ ಇಳಿದು ಬಂದರು. ಲಾರಿಯ ಆಳೊಬ್ಬ, ಬಾಗಿಲಿಗೆ ಫೋನು ತೋರಿಸಬೇಕೆಂದು ಯಾರೋ ಹೇಳಿದ್ದಕ್ಕೆ, ಕೈಗೆ ಸಿಕ್ಕ ಯಾವುದೋ ಚಿತ್ರ ತೋರಿಸಿದ. ಬಾಗಿಲು ತೆರೆಯಿತು. ಅದು ಲಾರಿಯ ಚಿತ್ರ.

"ಇದನ್ನ ಬರೆದವರು ಯಾರು?" ಎಂದು ಕೇಳಿದರು ಅಧಿಕಾರಿಣಿ.

ಯಜಮಾನರು ಆಕಾಶ ನೋಡಿದರು. "ನಾನೇ ಮೇಡಂ," ಎಂದ ಆಯ್ತಪ್ಪ. ಲ್ಯಾಪ್‌ಟಾಪು ತೆರೆದು ಆ ಸಾಲನ್ನು ತೋರಿಸಿದ.

ಅಧಿಕಾರಿಣಿ ಓದಿದರು. "ಮೂರು ಪ್ರಶ್ನೆ ಚೆನ್ನಾಗಿ ಬರೆದಿದೀರಿ. ಆದರೆ ಅವನ್ನ ಕೇಳೋದಕ್ಕೆ ಬಾಗಿಲನ್ನ ಬಿಟ್ಟೇ ಇಲ್ಲ. ಇದನ್ನ ಈಗಲೇ, ನನ್ನ ಕಣ್ಣೆದುರಿಗೆ ತೆಗೀರಿ."

ಆಯ್ತಪ್ಪ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತು ಆ ಸಾಲನ್ನು ಅಳಿಸಿ ಬಾಗಿಲಿಗೆ ಕಳಿಸಿದ. ಕಟ್ಟಡದವರು ಹೆಚ್ಚುಕಡಿಮೆ ಎಲ್ಲರೂ ಹೊರಗಿದ್ದರು. ಬಾಗಿಲು ಮುಚ್ಚಿಕೊಂಡಿತು. ಪೆಟ್ಟಿಗೆಯ ದೀಪ ಮೊಟ್ಟಮೊದಲ ಬಾರಿಗೆ ಕೆಂಪಾಯಿತು.

ಯಜಮಾನರು ಧೈರ್ಯ ಮಾಡಿ ಮುಂದೆ ಬಂದು ತಮ್ಮ ಫೋನು ಹಿಡಿದರು. "ಕ್ಷಮಿಸಿ," ಎಂದಿತು ಅವರ ಹೆಂಡತಿಯ ದನಿ, ತುಂಬ ಮನಸ್ಸಿಟ್ಟು. "ಈ ಪ್ರಮಾಣಪತ್ರ ಕೊಟ್ಟವರು ಯಾರೋ ನಮಗೆ ಗೊತ್ತಿಲ್ಲ." ಯಜಮಾನರು ಅಭ್ಯಾಸಬಲದಿಂದ "ತಪ್ಪಾಯ್ತು ಕಣೇ," ಎಂದು ಹಿಂದೆ ಸರಿದರು.

ಮುಂದಿನ ಸರದಿ ಜೈಲರ್ ಸಾಹೇಬರದು. ಅವರು ತಮ್ಮ ಪ್ರಮಾಣಪತ್ರದಲ್ಲಿ ಹೆಸರಿನ ಜಾಗದಲ್ಲಿ ಹೆಸರು ಹಾಕದೆ ತಾವು ಕೆಲಸ ಮಾಡಿದ ಹುದ್ದೆಗಳನ್ನೆಲ್ಲ ತುಂಬಿಸಿದ್ದರು. "ಕ್ಷಮಿಸಿ. ಹೆಸರು ಹೊಂದುತ್ತಿಲ್ಲ," ಎಂದಿತು ಬಾಗಿಲು. ಜೈಲರ್ ಸಾಹೇಬರ ಕಣ್ಣಲ್ಲಿ ನೀರು ಬಂತು. "ಆಹಾ! ಇದು ನೋಡಿ ಬಾಗಿಲು ಅಂದ್ರೆ! ನನ್ನನ್ನೇ ಬಿಡಲ್ಲ ಅಂತಿದೆ!" ಎಂದು ಬಾಗಿಲಿಗೆ ಒಂದು ಸೆಲ್ಯೂಟು ಹೊಡೆದರು. ಸ್ಟುಡಿಯೋದ ಚಕ್ರವರ್ತಿಗಳು ಫೋನನ್ನು ಮೆಲ್ಲಗೆ ಜೇಬಿಗಿಳಿಸಿದರು.

ಆಮೇಲೆ ಮಾವ ಬಂದು ನಿಂತರು. ಹಿಂದೆ ಬೀರು ಹೊತ್ತ ಆಳುಗಳು.

"ಕ್ಷಮಿಸಿ. ತಮ್ಮ ಅವಧಿ ಮುಗಿದಿದೆ."

ಮಾವ ಫೋನು ಒರೆಸಿ ಮತ್ತೊಮ್ಮೆ ತೋರಿಸಿದರು. ಬಾಗಿಲು ಮತ್ತೊಮ್ಮೆ ಹೇಳಿತು. ಮಾವ ತಿರುಗಿದರು.

"ಅಳಿಯಾ, ನಿನ್ನ ಬಾಗಿಲು ಕೆಟ್ಟಿದೆ."

ಎಲ್ಲರೂ ಆಯ್ತಪ್ಪನ ಕಡೆ ನೋಡಿದರು. "ಪಾಪ, ದೊಡ್ಡವರು, ಸದ್ಯಕ್ಕೆ ತೆಗೆದುಬಿಡಯ್ಯ," ಎಂದರು ಯಜಮಾನರು. "ತೆಗೀರಿ, ಎಂಥ ಪ್ರೀತಿ ನಿಮ್ಮದು," ಎಂದಳು ಕೆಳಮನೆಯ ಗೃಹಿಣಿ. "ಬೇಗ ಹೇಳ್ರಿ, ಭುಜ ಬಿದ್ದೋಗ್ತಿದೆ," ಎಂದ ಬೀರು ಹೊತ್ತವನು. ಮೆಟ್ಟಿಲ ಕಿಟಕಿಯಲ್ಲಿ ಹೆಂಡತಿ ಮತ್ತು ಮಗಳು ಒಬ್ಬರ ಪಕ್ಕ ಒಬ್ಬರು ನಿಂತಿದ್ದರು. ಮಗಳ ಕೈಯಲ್ಲಿ ಅವಳ ಬಟ್ಟೆಯ ಚೀಲವಿತ್ತು. ಆಯ್ತಪ್ಪ ಆ ಚೀಲವನ್ನು ನೋಡಿದ.

"ಕೆಟ್ಟಿಲ್ಲ ಮಾವ," ಎಂದ. ಅವನ ದನಿ ಅವನಿಗೇ ಪರಿಚಯವಿರಲಿಲ್ಲ. "ಬಾಗಿಲು ಸರಿಯಾಗಿದೆ. ಕೆಟ್ಟಿದ್ದು ನಾನು. ನಾನು ಹೇಳಬೇಕಾದ್ದನ್ನ ಅದರ ಕೈಲಿ ಹೇಳಿಸೋಕೆ ಹೋದೆ. ಈಗ ನಾನೇ ಹೇಳ್ತೀನಿ. ಮಗಳಿಗೆ ಅವಳ ರೂಮು ಬೇಕು. ನೀವು... ನೀವು ಇಲ್ಲಿರೋದು ಬೇಡ ಮಾವ. ಮನೆಗೆ ಹೋಗಿ."

ಆಳುಗಳು ಬೀರನ್ನು ಮೆಲ್ಲಗೆ ನೆಲಕ್ಕಿಳಿಸಿದರು. ಮಾವನ ಬಾಯಿ ತೆರೆದೇ ಇತ್ತು. ಹಲ್ಲುಸೆಟ್ಟು ಬಿದ್ದೀತೆಂದು ಸ್ಟುಡಿಯೋದವರು ಅಂಗೈ ಒಡ್ಡಿದರು.

"ಇದನ್ನ ಮೊದಲೇ ಹೇಳೋಕೆ ನಿನಗೇನೋ ಆಗಿತ್ತು ರೋಗ!" ಎಂದು ಮಾವ ಕೂಗಿದರು. "ಹಲ್ಲು ಹಾಕಿಸಿದ ವಾರದಿಂದ ನಾನು ಊರಿಗೆ ಹೋಗಬೇಕು ಅಂತ ಒದ್ದಾಡ್ತಿದೀನಿ! ಅಂಗಡಿಯಲ್ಲಿ ಜನರ ಪ್ಯಾಂಟೆಲ್ಲ ಒಂದೊಂದು ಕಾಲು ಹೊಲಿದು ಬಿಟ್ಟು ಬಂದಿದೀನಿ. ದಿನಾ ಫೋನ್ ಮಾಡಿ ಇನ್ನೊಂದು ಕಾಲು ಯಾವಾಗ ಅಂತ ಬೈತಾರೆ! ಹೊರಡ್ತೀನಿ ಅಂದಾಗಲೆಲ್ಲ ನೀನು ಏನವಸರ, ಇರಿ ಮಾವ ಅಂತಿದ್ದೆ. ನೀನು ಅಷ್ಟು ಪ್ರೀತಿಯಿಂದ ಅಂದರೆ ಇಲ್ಲ ಅನ್ನೋಕೆ ನನ್ನ ಬಾಯಿ ಬರುತ್ತೇನೋ? ನಿಮ್ಮಮ್ಮನೂ ಹೀಗೇ, ನಾನೂ ಹೀಗೇ. ಅವಧಿ ಮುಗೀತು ಅಂತ ಸ್ಟುಡಿಯೋದವನು ಓದಿದಾಗ ಬದುಕಿದೆ ಅಂತ ಓಡಿ ಬಂದೆ. ಆ ಹಾಳು ಬಾಗಿಲು ಸ್ವಾಗತ ಅಂತು. ಇನ್ನು ಇದೇ ನನ್ನ ಗತಿ ಅಂತ ಅತ್ತುಬಿಟ್ಟೆ ಕಣೋ! ಬೀರು ತರಿಸದೆ ಇನ್ನೇನು ಮಾಡಲಿ?"

ಆಯ್ತಪ್ಪ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ಮಾವನೂ ಹೋಗಿ ಅವನ ಪಕ್ಕ ಕೂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಮಾವನಿಗೆ ಮೊದಲು ನಗು ಬಂತು.

"ಈ ಬಾಗಿಲನ್ನ ನಾನು ಇನ್ನೊಮ್ಮೆ ಬಂದು ನೋಡ್ತೀನಿ," ಎಂದರು ಅಧಿಕಾರಿಣಿ ಯಜಮಾನರಿಗೆ. "ನೀವು ಕರೆದಾಗ ಅಲ್ಲ. ನನಗೆ ಬೇಕಾದಾಗ, ಹೇಳದೆ." ಯಜಮಾನರು ತಲೆಯಾಡಿಸಿದರು.

ಸೂಟ್‌ಕೇಸು ಸೋಮವಾರದಿಂದಲೂ ಕಟ್ಟಿದ ಹಾಗೇ ಇತ್ತು. ಹೆಂಡತಿ ಅದನ್ನು ಕೆಳಗೆ ತರುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಮಾವ ಅವಳ ಕೈ ಹಿಡಿದು, ಹಲ್ಲು ಚೆನ್ನಾಗಿ ಕೂತಿದೆ ಕಣಮ್ಮ ಎಂದರು. ಮಗಳ ತಲೆ ಸವರಿ, ಪರೀಕ್ಷೆ ಚೆನ್ನಾಗಿ ಬರಿ ಎಂದರು. ಆಳುಗಳು ಬಯ್ದುಕೊಳ್ಳುತ್ತ ಬೀರನ್ನು ಮತ್ತೆ ಲಾರಿಗೆ ಏರಿಸಿದರು. ಮಗಳು ಬಟ್ಟೆಯ ಚೀಲವನ್ನು ಅಲ್ಲೇ ಮೆಟ್ಟಿಲ ಮೇಲೆ ಬಿಟ್ಟು, ನಕ್ಷೆಯ ಹಲಗೆಯನ್ನು ತನ್ನ ಕೋಣೆಗೆ ಸಾಗಿಸಲು ಮೇಲಕ್ಕೆ ಓಡಿದಳು.

ಮಾವ ಡ್ರೈವರನ ಪಕ್ಕ ಹತ್ತಿ ಕೂತರು. ಲಾರಿ ಗುರುಗುಟ್ಟಿತು. ಕಿಟಕಿಯಿಂದ ಹೊರಗಿದ್ದ ಮಾವನ ಕೈ ನೋಡಿ ಆಯ್ತಪ್ಪನಿಗೆ ತಡೆಯಲಾಗಲಿಲ್ಲ. ಎರಡು ಹೆಜ್ಜೆ ಓಡಿದ.

"ಮಾವ, ಇಷ್ಟು ಅವಸರ ಏನು, ಊಟ ಮಾಡ್ಕೊಂಡು..."

ಹೆಂಡತಿ ಹಿಂದಿನಿಂದ ಬಂದು ಅವನ ಬಾಯಿ ಮುಚ್ಚಿದಳು. ಅದಕ್ಕೂ ಮೊದಲೇ ಮಾವ ಎರಡೂ ಕಿವಿ ಮುಚ್ಚಿಕೊಂಡು ಡ್ರೈವರನ ಕಡೆ ತಿರುಗಿ ಕಿರುಚುತ್ತಿದ್ದರು:

"ಹೊಡಿಯಪ್ಪ, ಬೇಗ ಹೊಡಿ! ಅವನು ಪೂರ್ತಿ ಹೇಳಿಬಿಟ್ಟರೆ ನಾನು ಇಳಿದುಬಿಡ್ತೀನಿ!"